ಮುಂದಿನ ಬಸ್ಸು ಬರೋತನಕ

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಮುಂದಿನ ವಿಮಾನಕ್ಕೆ ಐದೂವರೆ ತಾಸಾದರೂ ಕಾಯಬೇಕಾದವರನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಹೋಗಿ ಪುಕ್ಕಟೆ ಊರು ತೋರಿಸುತ್ತಾರೆ. ಇಸ್ತಾಂಬುಲಿನಲ್ಲಿ ಊರು ತೋರಿಸಿ ಊಟವನ್ನೂ ಹಾಕಿಸುತ್ತಾರೆ. ಸಿಡ್ನಿಯಿಂದ ರಜೆಗೆ ಬಂದ ನಮ್ಮ ಅಕ್ಕನ ಮಗ ಇದನ್ನೆಲ್ಲ ಬಣ್ಣಿಸಿ, "ಮಾಮಾ, ಕಾಯೋದೂ ಒಂದು ಕಲಾ ಅದ. ನಮ್ಮ ಮಂದಿಗೆ ಅದು ಗೊತ್ತಿಲ್ಲ" ಎಂದ. ಲಿಂಗಸುಗೂರಿನವನ ಮುಂದೆ ಆಡುವ ಮಾತೇ ಇದು?

ಕಲಬುರಗಿ ಕಡೆಯಿಂದ ಬಳ್ಳಾರಿಗೆ ಇಳಿಯುವ ದಾರಿ, ರಾಯಚೂರಿನಿಂದ ಬಾಗಲಕೋಟೆ, ಬೆಳಗಾವಿಗೆ ಹೋಗುವ ದಾರಿ ಎರಡೂ ಕೂಡುವುದು ನಮ್ಮೂರಲ್ಲಿ. ಹಾಗಾಗಿ ಇಲ್ಲಿಗೇ ಬರಬೇಕೆಂದು ಬಂದವರಿಗಿಂತ ಇಲ್ಲಿ ಬಸ್ಸು ಬದಲಿಸಲು ಇಳಿದವರೇ ಹೆಚ್ಚು. ಊರಿಗೆ ವಿಮಾನ ನಿಲ್ದಾಣವಿಲ್ಲ. ಕಾಯುವ ಅನುಕೂಲ ಮಾತ್ರ ಧಾರಾಳವಾಗಿದೆ. ಊರು ಕೂಡ ಕಾಯುವುದರಲ್ಲಿ ಪಳಗಿದ್ದು. ನಿಜಾಮರ ಕಾಲದಲ್ಲಿ ಲಿಂಗಸುಗೂರು ಜಿಲ್ಲಾ ಕೇಂದ್ರವಾಗಿತ್ತು. 1905ರಲ್ಲಿ ಜಿಲ್ಲೆಯನ್ನು ಮುರಿದು ನಮ್ಮನ್ನು ರಾಯಚೂರಿಗೆ ಸೇರಿಸಿದರು. ಆಮೇಲೆ ನಿಜಾಮರು ಹೋದರು, 1956ರಲ್ಲಿ ಏಕೀಕರಣವೂ ಆಯಿತು, ಆದರೆ ಹೋದ ಜಿಲ್ಲೆ ತಿರುಗಿ ಬಂದಿಲ್ಲ. ಇಂಥ ಊರಿನವರಿಗೆ ಬಸ್ಸು ಒಂದು ತಾಸು ತಡವಾದರೆ ಏನೂ ಅನ್ನಿಸುವುದಿಲ್ಲ.

"ಮಸ್ಕಿ ಬಸ್ಸು ಯಾವಾಗ್ರಿ?" ಎಂದು ಕೇಳಿ ನೋಡಿ. "ಬರ್ತದ ಕೂಡ್ರಿ" ಎನ್ನುತ್ತಾರೆ. ಈ ಉತ್ತರದಲ್ಲಿ ಗಡಿಯಾರಕ್ಕೆ ಜಾಗವಿಲ್ಲ. ತಿಳಿದವರು ಕೂಡುವುದಿಲ್ಲ, ಡಬ್ಬಿ ಅಂಗಡಿಯವನ ಹತ್ತಿರ ಹೋಗುತ್ತಾರೆ. ಯಾವ ಬಸ್ಸು ಯಾವ ಊರಲ್ಲಿ ಪಂಕ್ಚರ್ ಆಗಿದೆ, ಯಾವ ಕಂಡಕ್ಟರ್ ಎಲ್ಲಿ ಚಹಾಕ್ಕೆ ಇಳಿದಿದ್ದಾನೆ ಎಂಬುದೆಲ್ಲ ಅವನಿಗೆ ಗೊತ್ತು. ಬ್ಯಾಗನ್ನೂ ಅವನ ಸುಪರ್ದಿಗೇ ಬಿಡಬಹುದು; ತೂಕ ಮಾಡುವುದಿಲ್ಲ, ಚೀಟಿ ಕೊಡುವುದಿಲ್ಲ, ಒಂದು ಎಲೆಅಡಿಕೆ ಕೊಂಡರೆ ಸಾಕು. ಮಂಡಾಳು ಒಗ್ಗರಣಿ, ಎರಡು ಮಿರ್ಚಿ ತಿಂದು ಮೇಲೊಂದು ಚಹಾ ಕುಡಿದರೆ ಪ್ರಯಾಣಿಕ ಊರು ನೋಡಲು ಸಿದ್ಧನಾದ ಎಂದೇ ಲೆಕ್ಕ.

ಮೊದಲು ಮುದಗಲ್. ಹದಿನಾರು ಕಿಲೋಮೀಟರ್, ಬಸ್ಸು ಇಲ್ಲವಾದರೆ ಕ್ರೂಸರ್. ಬಹಮನಿಗಳು, ವಿಜಯನಗರದವರು, ಬಿಜಾಪುರದವರು ಈ ಕೋಟೆಯನ್ನು ಒಬ್ಬರಿಂದೊಬ್ಬರು ಕಸಿದುಕೊಳ್ಳುತ್ತಲೇ ಇದ್ದರು. ಆದರೆ ನನಗೆ ಮುದಗಲ್ ಇಷ್ಟವಾಗುವುದು ಬೇರೆ ಕಾರಣಕ್ಕೆ. ಇತಿಹಾಸಕಾರ ಫೆರಿಷ್ತಾ ಹೇಳುವ ಕತೆ ಇದು. ಕಾಶಿಯಾತ್ರೆ ಮುಗಿಸಿ ಬರುತ್ತಿದ್ದ ಬ್ರಾಹ್ಮಣನೊಬ್ಬ ದಾರಿಯಲ್ಲಿ ಮುದಗಲ್ಲಿನ ಅಕ್ಕಸಾಲಿಗನ ಮನೆಯಲ್ಲಿ ತಂಗಿದ. ಆ ಮನೆಯ ಮಗಳ ಚೆಲುವಿಕೆ, ಬುದ್ಧಿ ಕಂಡು ಬೆರಗಾಗಿ, ಮುಂದಿನ ದಾರಿ ಮರೆತು ಅವಳಿಗೆ ಸಂಗೀತ ಕಲಿಸುತ್ತಾ ತಿಂಗಳುಗಟ್ಟಲೆ ಅಲ್ಲೇ ಉಳಿದ. (ಮನೆಯವರು ಏನೂ ಅನ್ನಲಿಲ್ಲವೇ ಎಂಬುದು ನಮ್ಮ ಮನೆಯವಳ ಪ್ರಶ್ನೆ. ಫೆರಿಷ್ತಾನನ್ನೇ ಕೇಳಬೇಕು.) ಕೊನೆಗೆ ವಿಜಯನಗರಕ್ಕೆ ಹೋದವನು ಸುಮ್ಮನಿರಲಿಲ್ಲ, ದೊರೆ ಒಂದನೇ ದೇವರಾಯನ ಮುಂದೆ ಹುಡುಗಿಯನ್ನು ಬಣ್ಣಿಸಿದ. ದೊರೆ ಹೇಳಿ ಕಳಿಸಿದ, ಹುಡುಗಿ ಒಲ್ಲೆ ಎಂದಳು. ದೊರೆ ಕುದುರೆ ಪಡೆ ಕಳಿಸಿದ, ಮನೆಯವರು ಅಷ್ಟರಲ್ಲಿ ಪರಾರಿ. ಸಿಟ್ಟಿಗೆದ್ದ ಪಡೆ ಸುತ್ತಲ ಊರುಗಳನ್ನು ಸೂರೆ ಮಾಡಿತು. ಬಹಮನಿ ಸುಲ್ತಾನ ಫಿರೋಜ್ ಶಾ ದಂಡೆತ್ತಿ ಬಂದ. ಇದು 1406ರ ಸುಮಾರಿನ ಮಾತು. ದೇವರಾಯ ತನ್ನ ಮಗಳನ್ನೇ ಸುಲ್ತಾನನಿಗೆ ಕೊಟ್ಟು, ಬಂಕಾಪುರದ ಕೋಟೆಯನ್ನು ಬಳುವಳಿಯಾಗಿ ಬಿಟ್ಟು ರಾಜಿಯಾಗಬೇಕಾಯಿತು. ಅಕ್ಕಸಾಲಿಗನ ಮಗಳನ್ನು ಸುಲ್ತಾನ ತನ್ನ ಮಗನಿಗೆ ತಂದುಕೊಂಡ.

ಕತೆಯಲ್ಲಿ ಎಷ್ಟು ನಿಜ, ಎಷ್ಟು ಮಸಾಲೆ ಎಂದು ಪಂಡಿತರು ಜಗಳಾಡಲಿ. ಫೆರಿಷ್ತಾ ಬರೆದದ್ದು ಅದೆಲ್ಲ ನಡೆದು ಇನ್ನೂರು ವರ್ಷ ಕಳೆದ ಮೇಲೆ. ಆದರೆ ದಾರಿ ನಡುವಿನ ತಂಗುವಿಕೆಯಿಂದ ಒಂದು ಯುದ್ಧವನ್ನೇ ತಂದಿಟ್ಟ ಪ್ರಯಾಣಿಕನನ್ನು ಚಾಂಗಿಯವರು ಎಲ್ಲಿಂದ ತೋರಿಸಬೇಕು?

ಆಮೇಲೆ ಮಸ್ಕಿ, ಅದು ಸಿಂಧನೂರು ದಾರಿಯಲ್ಲಿ ಸಿಗುತ್ತದೆ. ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಅದನ್ನು ಕಂಡವನು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಅವನು ಬಂದದ್ದು ಚಿನ್ನದ ಜಾಡು ಹುಡುಕಿಕೊಂಡು, ಸಿಕ್ಕಿದ್ದು ಚಕ್ರವರ್ತಿ. ಅಲ್ಲಿಯತನಕ ಸಿಕ್ಕ ಶಾಸನಗಳಲ್ಲೆಲ್ಲ ಇದ್ದದ್ದು 'ದೇವಾನಾಂಪಿಯ', 'ಪಿಯದಸಿ' ಎಂಬ ಬಿರುದುಗಳು. ಆ ದೊರೆ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಮಸ್ಕಿಯ ಬಂಡೆ 'ಅಸೋಕ' ಎಂದು ಹೆಸರು ಹಿಡಿದೇ ಹೇಳಿತು. ಇದೇ ಶಾಸನದ ಬ್ರಹ್ಮಗಿರಿಯ ಪಾಠದಲ್ಲಿ 256 ಎಂಬ ಅಂಕಿ ಬರುತ್ತದೆ. ಅದು ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎಂದು ಅನೇಕ ವಿದ್ವಾಂಸರು ಅರ್ಥ ಹೇಳುತ್ತಾರೆ. ಅಂದರೆ ಮನೆ ಬಿಟ್ಟು ಅಲೆಯುತ್ತಿದ್ದಾಗಲೇ ಅವನಿಗೂ ಈ ಶಾಸನದ ಮಾತು ಹೊಳೆದದ್ದು. ಅಳಿಯನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಬಂಡೆಯ ಮುಂದೆ ನಿಂತು ಒಂದು ಸೆಲ್ಫಿ ತೆಗೆದುಕೊಂಡು, "ಇದಕ್ಕ ಟೂರ್ ಬಸ್ ಇಲ್ಲೇನ್ ಮಾಮಾ?" ಎಂದ. "ನೀನು ಬಂದದ್ದು ಟಂಟಂನಾಗ ಅಲ್ಲೇನು?" ಎಂದೆ.

ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. 2001ರಲ್ಲಿ ಕೆಜಿಎಫ್ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿ ಎಂದರೆ ಮುಖ್ಯವಾಗಿ ಇದೇ. ಆದರೆ ಗಣಿಯೊಳಗೆ ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ಆದ್ದರಿಂದ ಕಾಯುವವರ ಪಟ್ಟಿಯಿಂದ ಅದನ್ನು ತೆಗೆದಿದ್ದೇನೆ. ಇನ್ನೂ ಹೊತ್ತಿದ್ದರೆ ಸಿಂಧನೂರು. ತುಂಗಭದ್ರೆಯ ಎಡದಂಡೆ ಕಾಲುವೆ ತಂದ ಭತ್ತದ ಸಿರಿಯನ್ನು ಅಲ್ಲಿ ನೋಡಬೇಕು. ತಾಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿವೆ. ಅಲ್ಲಿ ದುರ್ಗಾಪೂಜೆಯ ದಿನ ಇಳಿದರೆ ಕೊಲ್ಕತ್ತಕ್ಕೆ ಹೋಗುವ ಖರ್ಚು ಉಳಿಯಿತು.

ಹೊರಡುವವರಿಗೆ ಎರಡು ಮಾತು. ಬೇಸಿಗೆಯ ಮಧ್ಯಾಹ್ನ ಮಸ್ಕಿ ಗುಡ್ಡಕ್ಕೆ ಹೋಗಬೇಡಿ, ಆ ಬಂಡೆಗಳ ಕಾವಿನಲ್ಲಿ ಅಶೋಕನ ಧರ್ಮವೂ ತಲೆಗೆ ಹತ್ತುವುದಿಲ್ಲ. ಬೆಳಿಗ್ಗೆಯೇ ಇಳಿಯಿರಿ. ಅರೆಹೊತ್ತು ಇದ್ದರೆ ಮುದಗಲ್ ಒಂದನ್ನೇ ನೋಡಿ, ಇಡೀ ದಿನ ಸಿಕ್ಕರೆ ಮಾತ್ರ ಮಸ್ಕಿಯನ್ನೂ ಸೇರಿಸಿಕೊಳ್ಳಿ. ಆದರೆ ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಮೊದಲೇ ಕೇಳಿಕೊಳ್ಳಿ, ಅದೂ ಬೇರೆ ಬೇರೆ ಇಬ್ಬರ ಹತ್ತಿರ.