ಕೊಳವೆ ಕಾಸಿದ ಭಾನುವಾರ

ಮನೆಯಲ್ಲಿ ಇಂಡಕ್ಷನ್ ಒಲೆ ಇಟ್ಟುಕೊಂಡವನು ಇನ್ನೊಂದು ಇಂಡಕ್ಷನ್ ಹೀಟರನ್ನು ಕೈಯಾರೆ ಮಾಡಲು ಹೊರಟರೆ ಹೆಂಡತಿ ಏನು ಕೇಳುತ್ತಾಳೆಂದು ನಿಮಗೂ ಗೊತ್ತು. "ಇದು ಕಬ್ಬಿಣ ಕಾಯಿಸೋದು ಕಣೇ" ಎಂದೆ. "ನಮ್ಮನೇಲಿ ಕಬ್ಬಿಣ ಯಾರು ತಿಂತಾರೆ?" ಎಂದಳು.

ಹೀಟರಿನ ಸುರುಳಿಗೆಂದು ಎ.ಸಿ. ರಿಪೇರಿಯವನ ಹತ್ತಿರ ಕಾಲಿಂಚಿನ ತಾಮ್ರದ ಕೊಳವೆ ಒಂದೂಕಾಲು ಮೀಟರ್ ತಂದೆ. ಹೈ ಫ್ರೀಕ್ವೆನ್ಸಿ ಕರೆಂಟು ಲೋಹದ ಹೊರಮೈಯಲ್ಲೇ ಹರಿಯುವುದರಿಂದ ಒಳಗೆ ಪೊಳ್ಳಿದ್ದರೂ ನಷ್ಟವಿಲ್ಲ. ಆ ಪೊಳ್ಳಿನಲ್ಲಿ ನೀರು ಹರಿಸಿ ತಂಪಾಗಿಡಬಹುದು. ಪೊಳ್ಳಾಗಿದ್ದೂ ಉಪಯೋಗಕ್ಕೆ ಬರುವ ಯಾವುದನ್ನು ಕಂಡರೂ ನನಗೆ ಒಂದು ಬಗೆಯ ಬಂಧುಭಾವ.

ತಂದಾಗ ಕೊಳವೆ ಬೆಣ್ಣೆಯಂತಿತ್ತು. ಉಪ್ಪಿನಕಾಯಿ ಬಾಟಲಿಗೆ ಸುತ್ತಿದೆ, ಸೊಟ್ಟಗಾಯಿತು. ಬಿಚ್ಚಿ ನೆಟ್ಟಗೆ ಮಾಡಿದೆ, ಮತ್ತೆ ಸುತ್ತಿದೆ, ಮತ್ತೂ ಸೊಟ್ಟ. ನಾಲ್ಕನೇ ಸಲಕ್ಕೆ ಬಾಟಲಿ ಒಡೆದೀತು, ಕೊಳವೆ ಬಾಗದು ಎನ್ನುವಂತಾಯಿತು. ತಾಮ್ರದ ಗುಣವೇ ಅದು, ಬಗ್ಗಿಸಿದಷ್ಟೂ ಗಡುಸಾಗುತ್ತದೆ. ಕೊಡ ಬಡಿಯುವವರು ನಡುನಡುವೆ ಬೆಂಕಿಗೆ ಹಿಡಿದು ಹದ ಮಾಡುವುದು ಇದಕ್ಕೇ.

ನನ್ನ ಕುಲುಮೆ ಅಡುಗೆಮನೆಯಲ್ಲಿತ್ತು. ಹೆಂಡತಿ ದೇವಸ್ಥಾನಕ್ಕೆ ಹೋಗಿದ್ದಳು. ತಾಮ್ರವನ್ನು ಮಂಕು ಕೆಂಪು ಬರುವವರೆಗೆ ಕಾಸಬೇಕು, ಬೆಳಕಿದ್ದರೆ ಆ ಕೆಂಪು ಕಾಣದು. ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ದೀಪ ಆರಿಸಿ, ಕೊಳವೆಯನ್ನು ಇಕ್ಕಳದಲ್ಲಿ ಹಿಡಿದು ದೊಡ್ಡ ಬರ್ನರಿನ ಮೇಲೆ ಗೇಣುಗೇಣಾಗಿ ಸರಿಸುತ್ತ ನಿಂತೆ. ಇನ್ನೊಂದು ತುದಿ ಎಡಗೈಯಲ್ಲಿತ್ತು. ತಾಮ್ರ ಉತ್ತಮ ಉಷ್ಣವಾಹಕ ಎಂದು ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದನ್ನು ನಾನು ಮರೆತಿದ್ದೆ. ಎಡಗೈಗೆ ತಕ್ಷಣ ನೆನಪಾಯಿತು.

ಕಾದ ಉಕ್ಕನ್ನು ನೀರಿಗದ್ದಿದರೆ ಗಡುಸಾಗುತ್ತದಲ್ಲ, ಇದೂ ಹಾಗೇ ಇರಬೇಕೆಂದು ಕೊಳವೆಯನ್ನು ಒಲೆಯ ಮೇಲೇ ಮುಕ್ಕಾಲು ಗಂಟೆ ಆರಲು ಬಿಟ್ಟೆ. ತಾಮ್ರಕ್ಕೆ ಆ ಚಾಳಿಯಿಲ್ಲ, ಬಿಸಿಬಿಸಿಯಾಗಿ ನೀರಿಗೆ ಅದ್ದಿದರೂ ಮೆತ್ತಗೇ ಇರುತ್ತದೆಂದು ಗೊತ್ತಾಗುವಷ್ಟರಲ್ಲಿ ಹೆಂಡತಿ ಬಂದು, ಕುಕ್ಕರ್ ಹಿಡಿದು, ಕತ್ತಲಲ್ಲಿ ನನ್ನ ಪಕ್ಕವೇ ನಿಂತಿದ್ದಳು.

ಬಾಗಿಸುವಾಗ ಕೊಳವೆ ಚಪ್ಪಟೆಯಾಗದಿರಲು ಒಣಮರಳು ತುಂಬಬೇಕು. ಮರಳಿರಲಿಲ್ಲ, ಪುಡಿ ಉಪ್ಪಿತ್ತು. ಉಪ್ಪೂ ನಡೆಯುತ್ತದೆ, ಆಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆದರಾಯಿತು. ನಮ್ಮನೆ ಉಪ್ಪು ತಿಂದ ಆ ಕೊಳವೆ ನಿಯತ್ತಿನಿಂದ ಬಾಗಿತು: ಆರು ಸುತ್ತು, ಒಂದೂ ಚಪ್ಪಟೆಯಿಲ್ಲ. ಅಂದಿನ ಸಾರು ಮಾತ್ರ ಸಪ್ಪೆ.

ಬೆಂಕಿಗೆ ಕರ್ರಗಾಗಿದ್ದ ಸುರುಳಿಯನ್ನು ಅಮ್ಮ ತಿರುಗಿಸಿ ನೋಡಿದಳು. ಏನೂ ಹೇಳದೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ದೇವರ ತಂಬಿಗೆಯ ಹಾಗೆ ಫಳಫಳ ಮಾಡಿ ಕೈಗಿಟ್ಟಳು. ಇಡೀ ಕೆಲಸದಲ್ಲಿ ತಾನು ಏನು ಮಾಡುತ್ತಿದ್ದೇನೆಂದು ತಿಳಿದು ಮಾಡಿದವಳು ಅವಳೊಬ್ಬಳೇ.

ಹೀಟರ್ ಈಗ ಸಿದ್ಧವಾಗಿದೆ. ಸುರುಳಿಯೊಳಗೆ ಬೋಲ್ಟ್ ಹಿಡಿದರೆ ನೋಡನೋಡುತ್ತ ಕೆಂಪಗಾಗುತ್ತದೆ. ನಮ್ಮ ಮನೆಯಲ್ಲಿದ್ದ ಬೋಲ್ಟುಗಳೆಲ್ಲ ಒಂದು ಸುತ್ತು ಕೆಂಪಗಾಗಿ ಮುಗಿದಿವೆ. ನಿಮ್ಮಲ್ಲಿದ್ದರೆ ದಯವಿಟ್ಟು ತನ್ನಿ. ಬರುವಾಗ ಒಂದು ಪ್ಯಾಕೆಟ್ ಪುಡಿ ಉಪ್ಪೂ ಇರಲಿ.