ಏಳೂವರೆ ಮಿಲಿಮೀಟರಿನ ಹೆಡ್‌ಲೈಟು

ಮಾಡೆಲ್ ಲಾರಿಯ ಹುಚ್ಚು ಹತ್ತಿದ ಅಮೆರಿಕದವನು ಪುಣ್ಯವಂತ. ಅಂಗಡಿಗೆ ಹೋಗಿ ಎಎಂಟಿ ಕಂಪನಿಯ ಪೀಟರ್‌ಬಿಲ್ಟ್ 359 ಕೊಡಿ ಅಂದರೆ 1/25 ಅಳತೆಯ ಕಿಟ್ಟಿನ ಡಬ್ಬಿ ಕೈಗೆ ಬರುತ್ತದೆ. ಯುರೋಪಿನವನಿಗೆ ಇಟಲೇರಿಯವರು 1/24ರಲ್ಲಿ ಸ್ಕೇನಿಯಾ, ವೋಲ್ವೊಗಳ ಬಿಡಿಭಾಗಗಳನ್ನೆಲ್ಲ ಅಚ್ಚು ಹಾಕಿ ಇಟ್ಟಿದ್ದಾರೆ. ಬಿಡಿಸಿಕೊಂಡು ಅಂಟಿಸಿದರೆ ಲಾರಿ ರೆಡಿ. ಆದರೆ ಪುಣ್ಯವಂತರಿಗೆ ಅಷ್ಟರಲ್ಲೇ ತೃಪ್ತಿ ಎಲ್ಲಿಯದು? ಷಾಸಿಯನ್ನು ಕುಯ್ದು ಉದ್ದ ಮಾಡುತ್ತಾರೆ, ಹಿಂದೆ ಇನ್ನೊಂದು ಆಕ್ಸಲ್ ಕೂಡಿಸುತ್ತಾರೆ, ಕ್ಯಾಬಿನ್ನಿನ ಬೆನ್ನಿಗೆ ಮಲಗುವ ಕೋಣೆ ಕಟ್ಟುತ್ತಾರೆ. ಕಿಟ್ಟಿನಲ್ಲಿ ಇಲ್ಲದ ಭಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ತಾವೇ ಕೊರೆದುಕೊಳ್ಳುತ್ತಾರೆ. ಈ ಕೊನೆಯ ಕೆಲಸಕ್ಕೆ ಸ್ಕ್ರ್ಯಾಚ್ ಬಿಲ್ಡ್ ಅಂತ ಹೆಸರು. ಅದನ್ನು ಮಾಡಬಲ್ಲವನಿಗೆ ಮಾಡೆಲ್‌ದಾರರ ಲೋಕದಲ್ಲಿ ಮರ್ಯಾದೆ ಜಾಸ್ತಿ.

ಆ ಲೆಕ್ಕದಲ್ಲಿ ನನಗೆ ಊರ ತುಂಬ ಮರ್ಯಾದೆ ಸಿಕ್ಕಬೇಕಿತ್ತು. ಯಾಕೆಂದರೆ ನಾನು ಮಾಡಹೊರಟ ಲಾರಿಯಲ್ಲಿ ಬಂಪರಿನಿಂದ ಹಿಡಿದು ಹಿಂದಿನ ಡೋರಿನ ತನಕ ಅಂಗಡಿಯಲ್ಲಿ ಸಿಗುವ ಭಾಗ ಒಂದೂ ಇರಲಿಲ್ಲ. ಲಾರಿ ಟಾಟಾ 1210 ಎಸ್‌ಇ. 12 ಅಂದರೆ ಲೋಡೂ ಸೇರಿ ಒಟ್ಟು ಸುಮಾರು 12 ಟನ್ ತೂಕ, 10 ಅಂದರೆ ಸುಮಾರು ನೂರು ಕುದುರೆ ಶಕ್ತಿ. ಮುಂದಕ್ಕೆ ಚಾಚಿದ ಗಿಡ್ಡ ಮೂಗು, ಮೂಗಿನ ಎರಡೂ ಕಡೆ ದುಂಡು ಹೆಡ್‌ಲೈಟು. ದಾವಣಗೆರೆಯ ಪಿ.ಬಿ. ರೋಡಿನ ಪಕ್ಕ ಬೆಳೆದ ನನ್ನಂಥವನಿಗೆ ಲಾರಿ ಅಂದರೆ ಈ ಮುಖವೇ. ನಮ್ಮ ಮಾವನವರಿಗೆ ಮಾತ್ರ ಇದು ಇವತ್ತಿಗೂ ‘ಬೆಂಜು’. 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಟಾಟಾದವರು ಮಾಡಿಕೊಂಡ ಒಪ್ಪಂದ 1969ಕ್ಕೆ ಮುಗಿದು, ಗ್ರಿಲ್ ಮೇಲಿನ ನಕ್ಷತ್ರ ಹೋಗಿ ಟಾಟಾದ ಗುರುತು ಬಂದರೂ ಮಾವ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬಹುಕಾಲ ಆ ಗಾಡಿ ಓಡಿಸಿದವರು. ಅವರೆದುರು ವಾದ ನಡೆಯುವುದಿಲ್ಲ.

ಮಾಡೆಲ್ ಮಾಡುವವನಿಗೆ ಮೊದಲು ಅಂಟುವ ರೋಗ ಭಾಗಾಕಾರ. ನನ್ನ ಅಳತೆ 1/24, ಹಾಗಾಗಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಇಪ್ಪತ್ನಾಲ್ಕರಿಂದ ಭಾಗಿಸುವುದು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 4225 ಮಿಲಿಮೀಟರ್ ಇದ್ದರೆ ನನ್ನ ಮೇಜಿನ ಮೇಲೆ ಅದು ಹದಿನೇಳೂವರೆ ಸೆಂಟಿಮೀಟರ್ ಚಿಲ್ಲರೆ. ಮೊದಮೊದಲು ಲಾರಿಯನ್ನಷ್ಟೇ ಭಾಗಿಸುತ್ತಿದ್ದೆ. ಆಮೇಲೆ ಕಲ್ಯಾಣ ಮಂಟಪದಲ್ಲಿ ಕೂತಾಗ ಕಂಬಗಳನ್ನು ಭಾಗಿಸತೊಡಗಿದೆ, ಊಟದ ಮೇಜನ್ನು, ಮೇಜಿನ ಮೇಲಿನ ಹೋಳಿಗೆಯನ್ನು ಭಾಗಿಸಿದೆ. ಹೆಂಡತಿಯನ್ನೂ ಒಮ್ಮೆ ಭಾಗಿಸಿ ನೋಡಿದೆ. ಆರು ಮುಕ್ಕಾಲು ಸೆಂಟಿಮೀಟರ್ ಬಂತು. ಅವಳಿಗೆ ಹೇಳುವ ಧೈರ್ಯ ಬರಲಿಲ್ಲ.

ಭಾಗಿಸಿದ ಮೇಲೆ ಹುಡುಕಾಟ. ಆ ಅಳತೆಯ ವಸ್ತು ಮನೆಯಲ್ಲಿ ಎಲ್ಲಿದೆ? ಬಾಲ್‌ಪೆನ್ನಿನ ಖಾಲಿ ರೀಫಿಲ್ಲು ಮೂರು ಮಿಲಿಮೀಟರ್ ದಪ್ಪ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ ಹೌಸಿಂಗಿಗೆ ಹೋಗುವ ಪ್ರೊಪೆಲ್ಲರ್ ಷಾಫ್ಟಿಗೆ ಹೇಳಿ ಮಾಡಿಸಿದ್ದು. ಬ್ರೇಕಿನ ಪೈಪಿಗೆ ರೇಡಿಯೋ ರಿಪೇರಿಯವನ ಸೋಲ್ಡರ್ ತಂತಿ. ಅವಧಿ ಮುಗಿದ ಎಟಿಎಂ ಕಾರ್ಡು 0.76 ಮಿಲಿಮೀಟರ್ ದಪ್ಪ, ಜಗತ್ತಿನ ಯಾವ ಬ್ಯಾಂಕಿನದಾದರೂ ಅಷ್ಟೇ. ಇದು ಗೊತ್ತಾದ ಮೇಲೆ ಬ್ಯಾಂಕುಗಳ ಮೇಲೆ ನನಗೆ ಹೊಸ ಗೌರವ ಹುಟ್ಟಿತು. ಮನೆಯವರು ಮಾತ್ರ ತಮ್ಮ ಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಹೆಡ್‌ಲೈಟಿನದು ದೊಡ್ಡ ಕತೆ. ಹಳೆಯ ಲಾರಿಗಳ ದುಂಡು ಹೆಡ್‌ಲೈಟು ಏಳು ಇಂಚು. ಭಾಗಿಸಿದರೆ ಹತ್ತಿರ ಹತ್ತಿರ ಏಳೂವರೆ ಮಿಲಿಮೀಟರ್. ಉಬ್ಬಿದ ಪಾರದರ್ಶಕ ಗಾಜಾಗಬೇಕು. ಯೋಚಿಸಿ ನೋಡಿದರೆ ಅಂಥದ್ದು ಸಿಗುವ ಜಾಗ ಒಂದೇ: ಮಾತ್ರೆಯ ಸ್ಟ್ರಿಪ್ಪಿನ ಗುಳ್ಳೆ. ನಮ್ಮ ಮನೆಯಲ್ಲಿರುವ ಕಾಯಿಲೆಗಳ ಮಾತ್ರೆ ಯಾವುದೂ ಆ ಅಳತೆಯದಲ್ಲ. ಬಿ.ಪಿ.ಯದು ತೀರ ಚಿಕ್ಕದು, ಸಕ್ಕರೆ ಕಾಯಿಲೆಯದು ಉದ್ದುದ್ದ. ವರ್ನಿಯರ್ ಕ್ಯಾಲಿಪರನ್ನು ಜೇಬಿಗಿಳಿಸಿಕೊಂಡು ಮೆಡಿಕಲ್ ಷಾಪಿಗೆ ಹೋದೆ.

“ಯಾವ ಮಾತ್ರೆ ಸಾರ್?”

“ಯಾವುದಾದರೂ ಸರಿ. ದುಂಡಗಿರಬೇಕು, ಏಳೂವರೆ ಮಿಲಿಮೀಟರ್ ಇರಬೇಕು, ಸ್ಟ್ರಿಪ್ಪು ಬಿಳಿ ಪ್ಲಾಸ್ಟಿಕ್ಕಿನದಿರಬೇಕು. ಆಚೆಯದು ಕಾಣೋ ಅಂಥದ್ದು.”

ಹುಡುಗ ನನ್ನ ಮುಖವನ್ನು ಒಂದು ಗಳಿಗೆ ನೋಡಿದ. “ಕಾಯಿಲೆ ಏನು ಸಾರ್?”

“ಕಾಯಿಲೆ ಇಲ್ಲಪ್ಪ. ಹೆಡ್‌ಲೈಟು.”

“ಏಳೂವರೆ ಅಂದ್ರೆ ಶನಿದೇವರ ಗುಡಿಗೆ ಹೋಗ್ಬೇಕು ಸಾರ್, ಇಲ್ಲಿಗಲ್ಲ” ಅಂದ. ಆದರೂ ಒಳ್ಳೆಯ ಹುಡುಗ. ಗಿರಾಕಿಗಳಿಲ್ಲದ ಹೊತ್ತಲ್ಲವೇ, ಡ್ರಾಯರುಗಳನ್ನು ಒಂದೊಂದಾಗಿ ಎಳೆದು ತೋರಿಸಿದ. ಕೊನೆಗೆ ಹೊಟ್ಟೆಹುಳದ ಮಾತ್ರೆಯಲ್ಲಿ ನನ್ನ ಹೆಡ್‌ಲೈಟು ಸಿಕ್ಕಿತು. ಒಂದು ಸ್ಟ್ರಿಪ್ಪಿನಲ್ಲಿ ಅಗತ್ಯಕ್ಕಿಂತ ಹೆಚ್ಚೇ ಗುಳ್ಳೆಗಳು. ಮಾತ್ರೆಗಳನ್ನೇನು ಮಾಡುವುದೆಂಬ ಪ್ರಶ್ನೆ ಬಂದಾಗ ಮನೆಯ ಮಕ್ಕಳೆಲ್ಲ ಅಂಗಳಕ್ಕೆ ಓಡಿಹೋದರು.

ಇನ್ನು ಬಾಡಿ. ಲಾರಿಯ ಬಾಡಿ ಮರದ್ದು, ಹಾಗಾಗಿ ಮರದಲ್ಲೇ ಮಾಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಐಸ್‌ಕ್ರೀಮ್ ಕಡ್ಡಿ ಎರಡು ಮಿಲಿಮೀಟರ್, ಅಂದರೆ ನಿಜದಲ್ಲಿ ಸುಮಾರು ಎರಡು ಇಂಚು ದಪ್ಪದ ಹಲಗೆ. ಅಷ್ಟು ದಪ್ಪ ಹಾಕಿದರೆ ಲಾರಿ ತನ್ನ ಬಾಡಿಯನ್ನೇ ಲೋಡು ಅಂತ ಹೊತ್ತು ತಿರುಗಬೇಕು. ಕಾಫಿ ಕಲಕುವ ಕಡ್ಡಿ ತೆಳು, ದಪ್ಪ ಸರಿಹೋಯಿತು. ಆದರೆ ಬಣ್ಣ ಬಳಿದ ಮೇಲೆ ನೋಡಿದರೆ ಅದು ಹಲಗೆಯೇ ಅಲ್ಲ. ಮರ ಚಿಕ್ಕದಾದರೂ ಅದರ ಎಳೆ ಚಿಕ್ಕದಾಗುವುದಿಲ್ಲವಲ್ಲ! ಕಡ್ಡಿಯ ಮೇಲಿನ ಅರ್ಧ ಮಿಲಿಮೀಟರಿನ ಗೆರೆ ನನ್ನ ಲಾರಿಯಲ್ಲಿ ಅರ್ಧ ಇಂಚಿನ ಬಿರುಕಾಗಿ ಕೂತಿತ್ತು. ಬಲ್ಲವರು ಇದಕ್ಕೆ ಕಂಡುಕೊಂಡ ಉಪಾಯ ವಿಚಿತ್ರವಾದದ್ದು. ನುಣ್ಣನೆಯ ಪ್ಲಾಸ್ಟಿಕ್ ಹಾಳೆಯನ್ನು ಹಲಗೆಗಳಾಗಿ ಕತ್ತರಿಸಿ, ಹರಿತ ಬ್ಲೇಡಿನ ಬೆನ್ನಿನಿಂದ ಕಂಡೂ ಕಾಣದ ಹಾಗೆ ಎಳೆ ಗೀರಿ, ಕಂದು ಬಣ್ಣವನ್ನು ನೀರುನೀರಾಗಿ ಹರಿಸಿ ಒರೆಸುವುದು. ಪ್ಲಾಸ್ಟಿಕ್ಕು ಆಗ ತೇಗದ ಹಾಗೆ ಕಾಣುತ್ತದೆ, ನಿಜವಾದ ಮರ ಪ್ಲಾಸ್ಟಿಕ್ಕಿನ ಹಾಗೆ. ಪ್ಲಾಸ್ಟಿಕ್ ಹಾಳೆ ಕತ್ತರಿಸುವುದೂ ಒಂದು ಸುಖ: ಪೂರ್ತಿ ಕುಯ್ಯಬೇಕಿಲ್ಲ, ಒಮ್ಮೆ ಗೀರಿ ಬಗ್ಗಿಸಿದರೆ ಟಕ್ಕೆಂದು ಗೆರೆಗುಂಟ ಮುರಿಯುತ್ತದೆ. ಅರ್ಧರಾತ್ರಿಯಲ್ಲಿ ಆ ಟಕ್ ಟಕ್ ಕೇಳಿ ಪಕ್ಕದ ಮನೆಯವರು ನಮ್ಮಲ್ಲಿ ಯಾರೋ ಚಕ್ಕುಲಿ ತಿನ್ನುತ್ತಿದ್ದಾರೆ ಅಂದುಕೊಂಡಿದ್ದರಂತೆ.

ಹಲಗೆಗಳ ನಡುವೆ ಸಂದು ಎಷ್ಟಿರಬೇಕು, ಡೋರಿನ ಅಗಲ ಎಷ್ಟು, ಕ್ಯಾಬಿನ್ನಿನ ಮಾಡು ಎಷ್ಟು ಬಾಗಬೇಕು? ಪೀಟರ್‌ಬಿಲ್ಟ್ ಮಾಡುವವನಿಗೆ ಈ ಪ್ರಶ್ನೆಗಳಿಗೆ ಉತ್ತರ ಫ್ಯಾಕ್ಟರಿಯ ನಕ್ಷೆಯಲ್ಲಿದೆ. ನನ್ನದು ಬೇರೆ ಪಾಡು. 1210ರ ಜೊತೆಗೆ ಫ್ಯಾಕ್ಟರಿಯವರು ಕೊಡುತ್ತಿದ್ದದ್ದು ಷಾಸಿ, ಇಂಜಿನ್ನು, ಮುಂದಿನ ಮೂತಿ. ಡ್ರೈವರು ಸ್ಟೂಲಿನ ಮೇಲೋ ಹಲಗೆಯ ಮೇಲೋ ಕೂತು, ಗಾಳಿಗೆ ಮುಖವೊಡ್ಡಿ, ತಲೆಗೆ ಟವೆಲು ಸುತ್ತಿ ಆ ಬೋಳು ಷಾಸಿಯನ್ನು ಓಡಿಸಿಕೊಂಡು ಬಂದು ಬಾಡಿ ಕಟ್ಟುವವರ ಷೆಡ್ಡಿನ ಮುಂದೆ ನಿಲ್ಲಿಸುತ್ತಿದ್ದ. ಅಲ್ಲಿಂದ ಮುಂದೆ ಬಡಗಿ, ವೆಲ್ಡರು, ಪೇಂಟರುಗಳ ರಾಜ್ಯಭಾರ. ತಮಿಳುನಾಡಿನ ನಾಮಕ್ಕಲ್ ಕಡೆ ಇದು ಊರಿಗೆ ಊರೇ ಹೊಟ್ಟೆ ಹೊರೆಯುವ ಕಸುಬು. ನಮ್ಮ ಹೈವೇ ಪಕ್ಕದ ಊರುಗಳಲ್ಲೂ ಒಂದೆರಡು ಷೆಡ್ಡು ಇದ್ದೇ ಇರುತ್ತವೆ. ಅಂಥದ್ದೊಂದಕ್ಕೆ ಟೇಪು, ನೋಟ್‌ಬುಕ್ಕು ಹಿಡಿದು ಹೋದೆ.

ಮೇಸ್ತ್ರಿ ಬೀಡಿ ಹಚ್ಚಿಕೊಂಡು ಕೂತಿದ್ದರು. ಡ್ರಾಯಿಂಗ್ ಏನಾದರೂ ಇದ್ದರೆ ನೋಡಬಹುದಾ ಅಂತ ವಿನಯದಿಂದ ಕೇಳಿದೆ.

“ಡ್ರಾಯಿಂಗ್ ಯಾಕೆ ಸಾರ್? ಷಾಸಿ ಮುಂದೆ ನಿಂತೈತಲ್ಲ.”

“ಹಲಗೆಗೂ ಹಲಗೆಗೂ ನಡುವೆ ಸಂದು ಎಷ್ಟು ಬಿಡ್ತೀರಿ?”

“ಹಲಗೆ ಸಾಲ್ದೆ ಬಂದ್ರೆ ಜಾಸ್ತಿ, ಸಾಕಾದ್ರೆ ಕಮ್ಮಿ.”

ಟೇಪು ಹಿಡಿದು ಅಳೆದೆ. ಎಡಗಡೆಯ ಡೋರಿಗಿಂತ ಬಲಗಡೆಯದು ಒಂದು ಇಂಚು ಅಗಲ. ಮೇಸ್ತ್ರಿಗೆ ತೋರಿಸಿದೆ. ಓನರು ಸ್ವಲ್ಪ ದಪ್ಪ, ಬಲಗಡೆಯಿಂದಲೇ ಹತ್ತುತ್ತಾರೆ ಅಂದರು. ತಮಾಷೆಯೋ ನಿಜವೋ ತಿಳಿಯಲಿಲ್ಲ. ಕಿಟಕಿಯ ಮೇಲಿನ ಬಳ್ಳಿ ಹೂವಿನ ಚಿತ್ತಾರವನ್ನು ಅವರು ಕಾಗದವಿಲ್ಲದೆ, ಅಳತೆಯಿಲ್ಲದೆ, ತಗಡಿನ ಮೇಲೆ ಕತ್ತರಿ ಓಡಿಸುತ್ತ ತೆಗೆದುಬಿಟ್ಟರು. ನನ್ನ ಎದುರಿಗೇ, ಒಂದು ಟೀ ಬರುವಷ್ಟರಲ್ಲಿ. ವಿದೇಶದ ಮಾಡೆಲ್‌ದಾರರು ಫ್ಯಾಕ್ಟರಿ ಮಾಡಿದ್ದನ್ನು ಕೈಯಲ್ಲಿ ನಕಲು ಮಾಡುತ್ತಾರೆ. ಇಲ್ಲಿ ಅಸಲೇ ಕೈಕೆಲಸ. ಎಷ್ಟೇ ಹೆಣಗಿದರೂ ನನ್ನದು ಮೇಸ್ತ್ರಿಯ ಸ್ಕ್ರ್ಯಾಚ್ ಬಿಲ್ಡಿನ ಇಪ್ಪತ್ನಾಲ್ಕನೇ ಒಂದು ಪಾಲು. ಅವರಿಗೆ ಮಾತ್ರ ಯಾವ ವಲಯದಲ್ಲೂ ಯಾರೂ ಚಪ್ಪಾಳೆ ತಟ್ಟಿದ್ದು ನಾನು ಕೇಳಿಲ್ಲ.

ಬಲಗಡೆಯ ಡೋರನ್ನು ಶ್ರದ್ಧೆಯಿಂದ ಒಂದು ಮಿಲಿಮೀಟರ್ ಅಗಲ ಮಾಡಿದೆ. ಬೆಂಗಳೂರಿನಿಂದ ಬಂದ ಮಾಡೆಲ್ ಗೆಳೆಯರೊಬ್ಬರು ಲಾರಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, “ಚೆನ್ನಾಗಿದೆ, ಆದರೆ ಡೋರು ಸೊಟ್ಟ” ಅಂದರು. ಅದು ಸೊಟ್ಟವಲ್ಲ, ಸಂಶೋಧನೆ ಎಂದೆ. ಅವರು ನಂಬಲಿಲ್ಲ. 1/24 ಹೆಚ್ಚೋ 1/25 ಹೆಚ್ಚೋ ಎಂದು ಹಗಲೆಲ್ಲ ಜಗಳವಾಡುವ ಜಾತಿಯವರು. ನೂರಕ್ಕೆ ನಾಲ್ಕರ ಆ ವ್ಯತ್ಯಾಸಕ್ಕೆ ಮಾತು ಬಿಟ್ಟವರೂ ಇದ್ದಾರೆ. ಅವರ ಮುಂದೆ ಓನರಿನ ಹೊಟ್ಟೆಯನ್ನು ಸಾಕ್ಷಿಗೆ ಕರೆಯುವುದು ಹೇಗೆ?

ಮಾವನವರ ಪರೀಕ್ಷೆ ಬೇರೆ ಜಾತಿಯದು. ಅವರು ಡೋರು ನೋಡಲೇ ಇಲ್ಲ. ಕನ್ನಡಕ ಏರಿಸಿ, ಲಾರಿಯನ್ನು ಅಂಗಾತ ಮಾಡಿ, ಹಿಂದಿನ ಸ್ಪ್ರಿಂಗ್ ಪಟ್ಟಿ ನೋಡಿದರು. ಅರ್ಧ ಮಿಲಿಮೀಟರ್ ಹಾಳೆಯಿಂದ ಮೂರು ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಸೀಳಿ, ಒಂದಕ್ಕಿಂತ ಒಂದು ಗಿಡ್ಡ ಮಾಡಿ, ಪೆನ್ಸಿಲ್ಲಿಗೆ ಸುತ್ತಿ ಬಾಗಿಸಿ, ಒಂದರ ಕೆಳಗೊಂದು ಜೋಡಿಸಿದ್ದೆ. ನನಗೆ ಹೆಮ್ಮೆಯಿದ್ದ ಭಾಗ.

“ಅಳಿಯಂದ್ರೇ, ಇದು ಲೋಡ್ ಗಾಡಿನೋ ಖಾಲಿ ಗಾಡಿನೋ?”

ನಾನು ಅದನ್ನು ಯೋಚಿಸಿರಲಿಲ್ಲ. ಖಾಲಿ ಇದ್ದಾಗ ಪಟ್ಟಿ ಚೆನ್ನಾಗಿ ಬಾಗಿ ನಿಂತಿರುತ್ತದೆ, ಮೇಲಿನ ಹೆಲ್ಪರ್ ಪಟ್ಟಿಯ ತುದಿ ಬ್ರಾಕೆಟ್ಟಿಗೆ ತಾಗಿರುವುದಿಲ್ಲ. ಲೋಡು ಬಿದ್ದರೆ ಕೆಳಗಿನದು ಚಪ್ಪಟೆಯಾಗಿ ಹೆಲ್ಪರು ಕೆಲಸಕ್ಕೆ ನಿಲ್ಲುತ್ತದೆ, ಹಿಂದಿನ ಟೈರು ಬಾಡಿಯ ಹತ್ತಿರಕ್ಕೆ ಬರುತ್ತದೆ. ನಾನು ಬಾಗಿಸಿದ್ದು ಸಾಲದೆ ನನ್ನ ಲಾರಿಯ ಪಟ್ಟಿ ಚಪ್ಪಟೆ, ಹೆಲ್ಪರು ಗಾಳಿಯಲ್ಲಿ. ಇಂಥ ಗಾಡಿ ಭೂಮಿಯ ಮೇಲೆ ಇಲ್ಲ ಅಂತ ಮಾವ ತೀರ್ಪು ಕೊಟ್ಟರು.

“ಲೋಡ್ ಗಾಡಿನೇ ಮಾಡಿಬಿಡ್ತೀನಿ ಮಾವ.”

“ಎಷ್ಟು ಲೋಡು? ಪಾಸಿಂಗ್ ಲೋಡೋ, ನಮ್ಮ ಲೋಡೋ?”

ಕಾನೂನು ಒಪ್ಪುವ ಪಾಸಿಂಗ್ ಲೋಡಿಗಾದರೆ ಒಂದು ಬಾಗು, ಅವರು ಹಾಕುತ್ತಿದ್ದ ಲೋಡಿಗೆ ಇನ್ನೊಂದು. ಅದರ ಮೇಲೆ ನೂರಾರು ಮೆಕ್ಕೆಜೋಳದ ಚೀಲ ಹೊಲಿಯಬೇಕು, ಒಂದೊಂದೂ ಹೆಬ್ಬೆರಳಿಗಿಂತ ಚಿಕ್ಕದು. ಹೊಲಿಗೆ ಮೆಷಿನ್ನಿನ ಒಡತಿಯ ಮುಖ ನೋಡಿ ಖಾಲಿ ಗಾಡಿಯೇ ಇರಲಿ ಅಂದೆ. “ಖಾಲಿ ಓಡಿಸಿದ್ರೆ ಡೀಸೆಲ್ ದುಡ್ಡು ಯಾರು ಕೊಡ್ತಾರೆ?” ಎಂದು ಮಾವ ನಿಜವಾಗಿಯೂ ನೊಂದುಕೊಂಡರು.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಮನೆಯ ಪ್ರಿಂಟರು ಬಿಳಿ ಬಣ್ಣ ಹೊಡೆಯುವುದಿಲ್ಲ. ಹಾಗಾಗಿ ಹಣೆಯ ಮೇಲಿನ ‘ಶ್ರೀ ಮಂಜುನಾಥ ಪ್ರಸನ್ನ’ವನ್ನು ಮೂರು ಕೂದಲಿನ ಕುಂಚದಲ್ಲಿ ಉಸಿರು ಬಿಗಿಹಿಡಿದು ಬರೆಯಬೇಕಾಯಿತು. ಆರು ಮಿಲಿಮೀಟರಿನ ‘ಶ್ರೀ’ ಹೇಗೋ ಬಂತು. ‘ಪ್ರಸನ್ನ’ದ ಒತ್ತಿಗೆ ಬಂದಾಗ ದೇವರೇ ಪ್ರಸನ್ನನಾಗಬೇಕಿತ್ತು. ಬಣ್ಣ ಒಣಗಿದ ಮೇಲೆ ಅದನ್ನು ಕೆಡಿಸುವ ಕೆಲಸ. ತುಕ್ಕಿನ ಬಣ್ಣದ ಮೇಲೆ ಪುಡಿ ಉಪ್ಪು ಅಂಟಿಸಿ, ಅದರ ಮೇಲೆ ಲಾರಿಯ ಬಣ್ಣ ಹೊಡೆದು, ಆಮೇಲೆ ಉಪ್ಪನ್ನು ಉಜ್ಜಿ ಉದುರಿಸಿದರೆ ಅಲ್ಲಲ್ಲಿ ಬಣ್ಣ ಎದ್ದು ತುಕ್ಕು ಇಣುಕುತ್ತದೆ. ಚಕ್ರದ ಸುತ್ತ ಸಂಡೂರಿನ ಗಣಿ ರಸ್ತೆಯ ಕೆಂಪು ಬರಲೆಂದು ಬಣ್ಣದ ಸೀಮೆಸುಣ್ಣ ಕೆರೆದು ಹಚ್ಚಿದೆ. ನಿಜವಾದ ಮಣ್ಣು ಹಾಕಬಾರದು, ಅದರ ಒಂದು ಹರಳು ಇಲ್ಲಿ ಜಲ್ಲಿಕಲ್ಲಾಗುತ್ತದೆ. ಮಾವ ನೋಡಿ, “ಇಷ್ಟು ಚಂದ ಪೇಂಟ್ ಮಾಡಿ ಗಲೀಜು ಮಾಡಿದ್ರಲ್ಲ, ನಮ್ಮ ಕ್ಲೀನರ್ ಹಿಂಗೆ ಬಿಟ್ಟಿದ್ರೆ ಹಿರಿಯೂರಲ್ಲೇ ಇಳಿಸಿ ಬರ್ತಿದ್ದೆ” ಅಂದರು.

ಮರದ ಕ್ಯಾಬಿನ್ನಿನ ಕಾಲ ಮುಗಿಯುತ್ತ ಬಂತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ಡ್ರೈವರುಗಳಿಗೆ ಇದು ಎಂದೋ ಸಿಗಬೇಕಿದ್ದ ಸೌಕರ್ಯ. ನನಗೆ ಮಾತ್ರ ಅದರ ಗಾಳಿಕಿಂಡಿಯ ಒಂದೊಂದು ಪಟ್ಟಿಯ ದಪ್ಪವನ್ನು ಇಪ್ಪತ್ನಾಲ್ಕರಿಂದ ಭಾಗಿಸಿದಾಗ ಬೆವರು ಬಂತು.

ಆಯುಧಪೂಜೆ ಬಂತು. ಸ್ಕೂಟರಿಗೆ, ಹೊಲಿಗೆ ಮೆಷಿನ್ನಿಗೆ, ಗ್ರೈಂಡರಿಗೆ ಕುಂಕುಮವಿಟ್ಟ ಮೇಲೆ ಮಾವ ನನ್ನ ಮೇಜಿನ ಹತ್ತಿರ ಬಂದು ನಿಂತರು. ಇದನ್ನು ಮಾತ್ರ ಬಿಡುವುದುಂಟಾ? ಚಕ್ರದಡಿ ನಿಂಬೆಹಣ್ಣು ಇಡಲೇಬೇಕು. ನಾನು ಭಾಗಿಸಿದೆ. ನಾಲ್ಕು ಸೆಂಟಿಮೀಟರಿನ ನಿಂಬೆ ಹತ್ತಿರ ಹತ್ತಿರ ಒಂದೂ ಮುಕ್ಕಾಲು ಮಿಲಿಮೀಟರ್. ಸಾಸಿವೆ ಡಬ್ಬಿಯಿಂದ ನಾಲ್ಕು ಕಾಳು ತಂದು ಒಂದೊಂದು ಚಕ್ರದ ಮುಂದೆ ಇಟ್ಟೆ. ಮಾವ ಬಗ್ಗಿ ನೋಡಿದರು.

“ಕಪ್ಪು ನಿಂಬೆಹಣ್ಣು ಎಲ್ಲಿ ನೋಡಿದ್ರಿ ಅಳಿಯಂದ್ರೆ? ಹಳದಿ ಸಾಸಿವೆ ಸಿಗುತ್ತೆ, ತಗೊಂಬನ್ನಿ. ಸ್ವಲ್ಪ ದಪ್ಪಾನೂ ಇರುತ್ತೆ, ರಸ ಬರೋ ಅಂಥದ್ದು.”

ಕ್ಯಾಲಿಪರನ್ನು ಜೇಬಿಗೆ ಹಾಕಿಕೊಂಡು ಕಿರಾಣಿ ಅಂಗಡಿಯ ಕಡೆ ಹೊರಟೆ. ಹಿಂದಿನಿಂದ ಹೆಂಡತಿ ಕೂಗಿ ಹೇಳಿದಳು: “ಅರ್ಧ ಕೇಜಿ ತನ್ನಿ. ಬೂದುಗುಂಬಳಕಾಯಿ ಯಾವ್ದು ಅಂತ ಅಪ್ಪ ಇನ್ನೂ ಕೇಳಿಲ್ಲ, ಕಡಲೆಕಾಳೂ ತಂದುಬಿಡಿ.”