ಸಾವಕಾಶ ಸೋಲಿನ ಮೀಮಾಂಸೆ: ಜಪಾನಿ ಗುಂಡುಶಾಸ್ತ್ರಕ್ಕೊಂದು ಪ್ರವೇಶಿಕೆ

ಜೂಜಿನ ಬಗ್ಗೆ ನಮ್ಮ ಪೂರ್ವಸೂರಿಗಳು ಬರೆದದ್ದೆಲ್ಲ ಸೋತ ಮೇಲೆ ಬರೆದದ್ದು. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದಲ್ಲಿ ಜೂಜುಗಾರನೊಬ್ಬ ಹೆಂಡತಿ ದೂರವಾದಳೆಂದೂ ಅತ್ತೆಗೆ ತನ್ನನ್ನು ಕಂಡರಾಗದೆಂದೂ ಗೋಳಾಡುತ್ತಾನೆ. ಆದರೆ ಗೆಲ್ಲುವ ಸಂಭವ ಎಷ್ಟಿತ್ತು, ಕನಿಷ್ಠ ಪಣ ಎಷ್ಟಿತ್ತು ಎಂಬ ಎರಡು ಮೂಲಭೂತ ಪ್ರಶ್ನೆಗಳ ಬಗ್ಗೆ ತುಟಿಪಿಟಕ್ಕೆನ್ನುವುದಿಲ್ಲ. ಧರ್ಮರಾಯನೂ ಅಷ್ಟೆ. ರಾಜ್ಯ, ತಮ್ಮಂದಿರು, ತಾನು, ಹೆಂಡತಿ ಎಂದು ಪಣ ಏರಿಸುತ್ತ ಹೋದನೇ ಹೊರತು "ಈ ಹಾಸಿನಲ್ಲಿ ಮಿನಿಮಮ್ ಎಷ್ಟು ಮಾವ?" ಎಂದು ಶಕುನಿಯನ್ನು ಕೇಳಿದ್ದು ಯಾವ ಪಾಠಾಂತರದಲ್ಲೂ ಸಿಕ್ಕಿಲ್ಲ. ಕೇಳಿದ್ದರೆ ಹದಿನೆಂಟು ಪರ್ವ ಎರಡಕ್ಕೇ ಮುಗಿಯುತ್ತಿತ್ತು. ಈ ಶೋಚನೀಯ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಸಂಪ್ರಬಂಧದ ಉದ್ದೇಶ.

ಅಧ್ಯಯನ ಕ್ಷೇತ್ರವಾಗಿ ಜಪಾನನ್ನು ಆರಿಸಿದ್ದೇಕೆ ಎಂದು ಪರೀಕ್ಷಕರು ಕೇಳುವುದು ಸಹಜ. ಕಾರಣ, ಅಲ್ಲಿ ಜೂಜು ನಿಷಿದ್ಧ. 689ರಲ್ಲಿಯೇ ಜಿತೊ ಸಾಮ್ರಾಜ್ಞಿ ಸುಗೊರೊಕು ಎಂಬ ದಾಳದಾಟವನ್ನು ನಿಷೇಧಿಸಿದಳು. ಇಂದಿಗೂ ಅಲ್ಲಿನ ದಂಡಸಂಹಿತೆಯ 185ನೇ ವಿಧಿ ಜೂಜಾಡಿದವರಿಗೆ ದಂಡ ವಿಧಿಸುತ್ತದೆ. ಹೀಗೆ ನಿಷೇಧಿಸಿದ ವಸ್ತುವಿಗೆ ಇಷ್ಟು ಚೊಕ್ಕವಾದ ದರಪಟ್ಟಿ ಹಾಕಿ, ರೈಲು ನಿಲ್ದಾಣದ ಎದುರಿಗೇ ದೀಪ ಹಚ್ಚಿ ಮಾರುವ ದೇಶ ಇನ್ನೊಂದು ಸಿಗಲಾರದು. ನಮ್ಮಲ್ಲಾದರೋ ಅಂದರ್ ಬಾಹರ್ ಆಡಬೇಕೆಂದರೆ ತೋಟದ ಮನೆಗೆ ಹೋಗಬೇಕು, ಪೊಲೀಸರು ಬಂದರೆ ಬೇಲಿ ಹಾರಬೇಕು. ಇಂಥ ಪರಿಸರದಲ್ಲಿ ಸಂಶೋಧನೆ ಹೇಗೆ ಸಾಧ್ಯ?

ಮೊದಲಿಗೆ ಪ್ರಮೇಯದ ಸ್ವರೂಪ. ಪಚಿಂಕೊ ಎಂಬುದು ನೆಟ್ಟಗೆ ನಿಲ್ಲಿಸಿದ ಯಂತ್ರ. ಮುಖದ ತುಂಬ ಹಿತ್ತಾಳೆಯ ಮೊಳೆಗಳು. 11 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡುಗಳು ಮೇಲಿಂದ ಆ ಮೊಳೆಗಳಿಗೆ ಬಡಿಯುತ್ತ ಇಳಿಯುತ್ತವೆ. ನಡುವಿನ ಕಂಡಿಗೆ ಗುಂಡು ಬಿದ್ದರೆ ತೆರೆಯ ಮೇಲೆ ಅಂಕೆಗಳು ಒಮ್ಮೆ ತಿರುಗುತ್ತವೆ. ಅಂಕೆ ಕೂಡಿಬಂದರೆ ಗುಂಡುಗಳ ಸುರಿಮಳೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ನಗೋಯಾದ ತಾಕೆಯಿಚಿ ಮಸಮುರ ಎಂಬಾತ ಈ ಮೊಳೆಗಳನ್ನು ಹೊಸ ವಿನ್ಯಾಸದಲ್ಲಿ ಹೊಡೆದು ಶಾಸ್ತ್ರಕ್ಕೆ ಅಡಿಪಾಯ ಹಾಕಿದ. ನಮ್ಮ ಪರಂಪರೆಯಾಗಿದ್ದರೆ ಆತನಿಗೆ ಮಸಮುರಾಚಾರ್ಯ ಎಂಬ ಬಿರುದೂ ಒಂದು ಮಠವೂ ಸಿಗುತ್ತಿತ್ತು.

ಇದು ಜೂಜೋ ಅಲ್ಲವೋ ಎಂಬುದು ಅದ್ವೈತಿಗಳಿಗೂ ಬೆವರಿಳಿಸುವ ಪ್ರಶ್ನೆ. ಗೆದ್ದ ಗುಂಡಿಗೆ ಅಂಗಡಿ ಹಣ ಕೊಡುವುದಿಲ್ಲ, ಕೊಟ್ಟರೆ ಅಪರಾಧ. ಬದಲಿಗೆ ಸಿಗರೇಟು, ಚಾಕೊಲೇಟು ಕೊಡುತ್ತದೆ. ಬೇಕೆಂದವರಿಗೆ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ ಚಿನ್ನದ ಚೂರು ಕೊಡುತ್ತದೆ. ಹೊರಗೆ ಬಂದು ಮೂಲೆ ತಿರುಗಿದರೆ ಗೋಡೆಯಲ್ಲೊಂದು ಪುಟ್ಟ ಕಿಟಕಿ. ಅಲ್ಲಿ ಯಾರದೋ ಕೈ ಆ ಚೂರನ್ನು ತೆಗೆದುಕೊಂಡು ನೋಟು ಕೊಡುತ್ತದೆ. ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ಅಲ್ಲಿಂದ ಮೂರನೆಯವನೊಬ್ಬ ಚೂರನ್ನು ಕೊಂಡು ಮತ್ತೆ ಅಂಗಡಿಗೆ ಮಾರುತ್ತಾನೆ. ಮೂರೂ ಅಂಗಡಿಗಳು ಬೇರೆ ಬೇರೆ, ಒಂದಕ್ಕೊಂದು ಸಂಬಂಧವಿಲ್ಲ. ಇದು ಮೂರಂಗಡಿ ಪದ್ಧತಿ. ಕಾನೂನಿನ ದೃಷ್ಟಿಯಲ್ಲಿ ಇಡೀ ವ್ಯವಹಾರ ಅನಿರ್ವಚನೀಯ: ಇದೆ ಎನ್ನಲಾಗದು, ಇಲ್ಲ ಎನ್ನಲಾಗದು. 1995ರ ಸುಮಾರಿಗೆ ಈ ಅನಿರ್ವಚನೀಯದ ಮೂಲಕ ವರ್ಷಕ್ಕೆ 30 ಲಕ್ಷ ಕೋಟಿ ಯೆನ್ ಹರಿಯುತ್ತಿತ್ತು. ಈಗ ಅದರ ಅರ್ಧ.

ಇನ್ನು ಸಿದ್ಧಾಂತ. ಗುಂಡನ್ನು ಅಂಗಡಿ ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತದೆ. ತೆರಿಗೆ ಬಿಟ್ಟು ಗುಂಡಿಗೆ 4 ಯೆನ್ ಎಂಬುದು ಸನಾತನ ದರ. ಎರಡು ಸಾವಿರದ ದಶಕದಲ್ಲಿ ಗಿರಾಕಿಗಳು ಕಡಿಮೆಯಾದಾಗ ಅಂಗಡಿಗಳು 1 ಯೆನ್ನಿನ ಸಾಲುಗಳನ್ನು ತೆರೆದವು. ಅದೇ ಯಂತ್ರ, ಅದೇ ಗುಂಡು, ಅದೇ ಕಿವಿಗಡಚಿಕ್ಕುವ ಸದ್ದು. ದರ ಮಾತ್ರ ಕಾಲುಭಾಗ. ಹೀಗೆ ಚತುರ್ಯೆನ್ ಪಂಥ, ಏಕಯೆನ್ ಪಂಥ ಎಂಬ ಎರಡು ಮತಗಳಾದವು. ನಮ್ಮ ಕ್ಲಬ್ಬುಗಳ ರಮ್ಮಿ ಮೇಜಿಗೆ ಬಂದವರು ಕುರ್ಚಿ ಎಳೆದುಕೊಳ್ಳುವ ಮೊದಲು "ಪಾಯಿಂಟಿಗೆ ಎಷ್ಟು?" ಎಂದು ಕೇಳುತ್ತಾರಲ್ಲ, ಅದೇ ಭೇದ.

ಕಾನೂನಿನ ಪ್ರಕಾರ ಯಂತ್ರ ನಿಮಿಷಕ್ಕೆ 100 ಗುಂಡಿಗಿಂತ ಹೆಚ್ಚು ಹಾರಿಸುವಂತಿಲ್ಲ. ನಡುವೆ ಒಂದೂ ಗುಂಡು ಮರಳದಿದ್ದರೆ ಚತುರ್ಯೆನ್ ಸಾಧಕ ನಿಮಿಷಕ್ಕೆ 400 ಯೆನ್ ಆಹುತಿ ಕೊಡುತ್ತಾನೆ. ಏಕಯೆನ್ ಸಾಧಕ 100. ಹಾಗಾದರೆ ಎರಡನೆಯವನೇ ಜಾಣ ಎಂದು ಪೂರ್ವಪಕ್ಷ. ಇದಕ್ಕೆ ಸಮಾಧಾನವಾಗಿ ಪ್ರಸ್ತುತ ಲೇಖಕನು ತನ್ನ ಸ್ವಂತ ಸೂತ್ರವೊಂದನ್ನು ವಿದ್ವತ್ ಲೋಕದ ಮುಂದಿಡುತ್ತಾನೆ: ಅಲ್ಪಪಣೇ ದೀರ್ಘಾಸನಮ್. ಅಂದರೆ ಪಣ ಸಣ್ಣದಾದಷ್ಟೂ ಕೂರುವುದು ಹೆಚ್ಚು. ಟೋಕಿಯೊದ ನಿಶಿ ಕಸಾಯಿಯಲ್ಲಿ ವಾಸವಾಗಿರುವ, ಸಾಫ್ಟ್‌ವೇರಿನಿಂದ ಬದುಕುವ ಕನ್ನಡಿಗ ಮಾಹಿತಿದಾರರೊಬ್ಬರು ಇದಕ್ಕೆ ಭಾಷ್ಯವನ್ನೂ ಒದಗಿಸಿದ್ದಾರೆ: "ಮೇಷ್ಟ್ರೇ, ನಾಲ್ಕು ಯೆನ್ನಿಗೆ ಕೂತ್ರೆ ಮಧ್ಯಾಹ್ನದ ಊಟಕ್ಕೆ ಮನೇಲಿರ್ತೀನಿ. ಒಂದು ಯೆನ್ನಿಗೆ ಕೂತ್ರೆ ಅಂಗಡಿಯವ್ರೇ ಬಾಗ್ಲು ಹಾಕಿ ಎಬ್ಬಿಸ್ಬೇಕು." ಬೆಳಗಿನ ಹತ್ತಕ್ಕೆ ತೆರೆದ ಅಂಗಡಿ ರಾತ್ರಿ ಹನ್ನೊಂದರೊಳಗೆ ಮುಚ್ಚುತ್ತದೆ. ಲೆಕ್ಕವನ್ನು ವಾಚಕರೇ ಹಾಕಿಕೊಳ್ಳಬಹುದು. ಮಾಹಿತಿದಾರರ ಮನೆಯವರು ಆಗಲೇ ಹಾಕಿದ್ದಾರೆ. ಮೇಲಾಗಿ, ಒಂದು ಯೆನ್ನಿನ ಸಾಲಿನಲ್ಲಿ ಮೊಳೆಗಳ ಸಂದು ಬಿಗಿ, ಗುಂಡು ಕಂಡಿಗೆ ಬೀಳುವುದೇ ಇಲ್ಲ ಎಂಬುದು ಆ ಪಂಥದವರ ಹಳೆಯ ದೂರು. ಮೊಳೆ ಮುಟ್ಟಬಾರದೆಂಬ ನಿಯಮವಿದೆ. ನಿಯಮ ಅಂಗಡಿಯಲ್ಲಿರುತ್ತದೆ, ಮೊಳೆಯೂ ಅಲ್ಲೇ ಇರುತ್ತದೆ.

ಎರಡನೆಯ ಸೂತ್ರ: ಸರ್ವತ್ರ ಸಪ್ತತ್ರಿಂಶತ್. ಇದು ಕೊಂಚ ಗಹನ, ಗಣಿತವಿದೆ. ಪ್ರತಿ ಯಂತ್ರದ ಮೇಲೂ ದೊಡ್ಡ ಗೆಲುವಿನ ಸಂಭವ ಬರೆದಿರುತ್ತದೆ. ಗಂಡೆದೆಯವರ ಯಂತ್ರದಲ್ಲಿ 319ಕ್ಕೆ ಒಂದು. ಸೌಮ್ಯ ಸ್ವಭಾವದವರಿಗೆ 99ಕ್ಕೆ ಒಂದು. ಇದನ್ನು ಆಟಗಾರರು ಸಿಹಿ ಯಂತ್ರ ಎನ್ನುತ್ತಾರೆ. 319ಕ್ಕೆ ಒಂದು ಎಂದರೆ 319 ಸಲ ಅಂಕೆ ತಿರುಗಿದರೆ ಒಮ್ಮೆ ಗೆದ್ದೇ ಗೆಲ್ಲುತ್ತೇನೆ ಎಂದು ಕೂತವನು ಭಾವಿಸುತ್ತಾನೆ. ವಾಸ್ತವದಲ್ಲಿ ಹಾಗೆ ಕೂತ ನೂರು ಜನರಲ್ಲಿ ಸುಮಾರು 37 ಜನರಿಗೆ 319 ತಿರುಗಿದರೂ ಏನೂ ಬರುವುದಿಲ್ಲ. ಇದು ಕ್ರೂರ, ನಾನು ಸಿಹಿ ಯಂತ್ರಕ್ಕೆ ಹೋಗುತ್ತೇನೆ ಎಂದು ಎದ್ದವನು ಅಲ್ಲಿ 99 ಸಲ ತಿರುಗಿಸಲಿ. ಅಲ್ಲಿಯೂ ನೂರಕ್ಕೆ 37 ಜನ ಬರಿಗೈ. ಹೋದ ಹಣ ಮಾತ್ರ ಬೇರೆ. ಸಾವಿರ ಯೆನ್ನಿಗೆ 18 ಸಲ ತಿರುಗುತ್ತದೆಂದು ಹಿಡಿದರೆ, ನಾಲ್ಕು ಯೆನ್ ದರದಲ್ಲಿ ಮೊದಲನೆಯವನು ಇಷ್ಟರಲ್ಲಿ 17,700 ಯೆನ್ ಕಳೆದಿರುತ್ತಾನೆ, ಸಿಹಿಯವನು 5,500. ಗೆದ್ದರೆ ಸಿಗುವುದೂ ಅದೇ ಅಳತೆಯಲ್ಲಿ: ಸಿಹಿಯಲ್ಲಿ ಕೆಲವು ನೂರು ಗುಂಡು, 319ರ ಯಂತ್ರದಲ್ಲಿ ಗೆಲುವಿನ ಸರಣಿ ಹಿಡಿದರೆ ಸಾವಿರಗಟ್ಟಲೆ. ಅಂದಮೇಲೆ ಸಂಭವ ನೋಡಿ ಯಂತ್ರ ಆರಿಸುತ್ತೇನೆ ಎನ್ನುವವನು ಆರಿಸಿಕೊಳ್ಳುತ್ತಿರುವುದು ಗೆಲುವನ್ನಲ್ಲ, ಎಷ್ಟು ಬೇಗ ಬೇಸರಪಡಬೇಕು ಎಂಬುದನ್ನು. ಪ್ರಬಂಧದ ಹೃದಯಭಾಗ ಇಲ್ಲಿದೆ. ಪರೀಕ್ಷಕರು ಇಲ್ಲಿ ಅಡಿಗೆರೆ ಎಳೆಯಬಹುದು.

ಸಂಭವವನ್ನು ಮುಚ್ಚಿಟ್ಟರೆ ಏನಾಗುತ್ತದೆ? ಪಚಿಂಕೊ ಅಂಗಡಿಯಲ್ಲೇ ಇರುವ ಸ್ಲಾಟ್ ಯಂತ್ರಗಳಿಗೆ ಸಾಮಾನ್ಯವಾಗಿ ಒಂದರಿಂದ ಆರರವರೆಗೆ ಮಟ್ಟಗಳಿವೆ. ಒಂದರಲ್ಲಿ ಕೂತವನು ದೀರ್ಘಾವಧಿಯಲ್ಲಿ ಸೋಲುತ್ತಾನೆ. ಆರರಲ್ಲಿ ಕೂತವನು ಗೆಲ್ಲುತ್ತಾನೆ, ನಿಜವಾಗಿ. ಯಾವ ಯಂತ್ರಕ್ಕೆ ಯಾವ ಮಟ್ಟ ಎಂದು ಅಂಗಡಿಯವನು ಬಾಗಿಲು ಹಾಕಿದ ಮೇಲೆ ಬೀಗದ ಕೈ ತಿರುಗಿಸಿ ನಿರ್ಧರಿಸುತ್ತಾನೆ, ಯಾರಿಗೂ ಹೇಳುವುದಿಲ್ಲ. ಪರಿಣಾಮವಾಗಿ ಬೆಳಿಗ್ಗೆ ಬಾಗಿಲ ಮುಂದೆ ಸಾಲು, ಸಾಲಿನ ಕ್ರಮಕ್ಕೂ ಚೀಟಿ ಎತ್ತುವುದು. ಏಳನೇ ತಾರೀಕು, ಹದಿನೇಳು, ಇಪ್ಪತ್ತೇಳರಂದು ಆರು ಹೆಚ್ಚಿರುತ್ತದೆಂದು ಒಂದು ಸಂಪ್ರದಾಯ. ಮೂಲೆಯ ಯಂತ್ರದಲ್ಲಿರುತ್ತದೆಂದು ಇನ್ನೊಂದು. ದೇವರ ಮನಸ್ಸನ್ನು ಹೀಗೆ ಊಹಿಸಿದ ದರ್ಶನಗಳು ಜಗತ್ತಿನಲ್ಲಿ ಎಷ್ಟೋ ಇವೆ. ವ್ಯತ್ಯಾಸವೆಂದರೆ ಈ ದೇವರು ರಾತ್ರಿ ಗಲ್ಲಾಪೆಟ್ಟಿಗೆ ಎಣಿಸುತ್ತಾನೆ.

ಸಂಭವವನ್ನು ಬಿಚ್ಚಿಟ್ಟರೂ ಉಪಯೋಗವಿಲ್ಲ ಎಂಬುದಕ್ಕೆ ಕುದುರೆಯೇ ಸಾಕ್ಷಿ. ಜಪಾನಿನ ಕೇಂದ್ರ ರೇಸಿಂಗ್ ಸಂಘದಲ್ಲಿ ಕನಿಷ್ಠ ಬಾಜಿ 100 ಯೆನ್, ಎಲ್ಲ ಬಗೆಯ ಟಿಕೆಟ್ಟಿಗೂ ಒಂದೇ. ಗೆಲ್ಲುವ ಕುದುರೆಯನ್ನು ಹೇಳುವ ಸಾದಾ ಟಿಕೆಟ್ಟಿನಲ್ಲಿ ಸಂಗ್ರಹದ ನೂರಕ್ಕೆ 80 ಭಾಗ ಗೆದ್ದವರಿಗೆ ಮರಳುತ್ತದೆ. ಮೊದಲ ಮೂರು ಕುದುರೆಗಳನ್ನು ಕ್ರಮವಾಗಿ ಹೇಳುವ ಟಿಕೆಟ್ಟಿನಲ್ಲಿ 72.5 ಮಾತ್ರ. ಇದು ಗುಟ್ಟಲ್ಲ, ಪ್ರಕಟಿತ ಸಂಗತಿ. ಆದರೂ ಜನ ಮುಗಿಬೀಳುವುದು ಆ ಮೂರು ಕುದುರೆಯ ಟಿಕೆಟ್ಟಿಗೆ. ಲಾಟರಿಯಲ್ಲಂತೂ ಬಹುಮಾನದ ಮೊತ್ತ ಮಾರಾಟದ ಅರ್ಧವನ್ನು ಮೀರಬಾರದೆಂದು ಕಾನೂನೇ ಇದೆ. ವರ್ಷಾಂತ್ಯದ ಜಂಬೊ ಲಾಟರಿಯ ಮೊದಲ ಬಹುಮಾನ ಎರಡು ಕೋಟಿ ಟಿಕೆಟ್ಟಿಗೆ ಒಂದು. ಟೋಕಿಯೊದ ನಿಶಿ ಗಿಂಜಾದಲ್ಲಿ ಅದನ್ನು ಮಾರುವ ಕಟ್ಟೆಯೊಂದಿದೆ. ಅದರ ಒಂದನೇ ನಂಬರಿನ ಕಿಟಕಿ ಅದೃಷ್ಟದ್ದಂತೆ. ಡಿಸೆಂಬರಿನ ಚಳಿಯಲ್ಲಿ ಅದರ ಮುಂದೆ ಗಂಟೆಗಟ್ಟಲೆ ಸಾಲು. ಪಕ್ಕದ ಕಿಟಕಿಗಳಲ್ಲಿ ಅದೇ ಟಿಕೆಟ್ಟು, ಅದೇ 300 ಯೆನ್, ಕಾಯುವ ಪ್ರಮೇಯವೇ ಇಲ್ಲ. ಸಂಭಾವ್ಯತೆಯ ಪ್ರೊಫೆಸರುಗಳು ಇದನ್ನು ಮೌಢ್ಯವೆನ್ನುತ್ತಾರೆ. ಪ್ರೊಫೆಸರುಗಳು ಸಾಲಿನಲ್ಲಿ ಇಲ್ಲವೆಂದು ನನಗೆ ನಂಬಿಕೆಯಿಲ್ಲ.

ಇಲ್ಲಿ ಹರು ಉರಾರಾ ಎಂಬ ಮಹಾಸಾಧ್ವಿಯನ್ನು ಸ್ಮರಿಸದಿದ್ದರೆ ಪ್ರಬಂಧಕ್ಕೆ ದೋಷ ತಟ್ಟೀತು. ಕೋಚಿಯ ಸಣ್ಣ ರೇಸ್‌ಕೋರ್ಸಿನ ಹೆಣ್ಣು ಕುದುರೆ. 113 ಸಲ ಓಡಿದಳು, ಒಮ್ಮೆಯೂ ಗೆಲ್ಲಲಿಲ್ಲ. ನೂರರ ಸುಮಾರಿಗೆ ಬಂದಾಗ ದೇಶವೇ ಅವಳ ಬೆನ್ನಿಗೆ ನಿಂತಿತು. ಅವಳ ಸೋತ ಟಿಕೆಟ್ಟು ಜೇಬಿನಲ್ಲಿದ್ದರೆ ವಾಹನ ಅಪಘಾತವಾಗುವುದಿಲ್ಲವೆಂಬ ನಂಬಿಕೆ ಹುಟ್ಟಿತು. 2004ರ ಮಾರ್ಚ್ 22ರಂದು ದೇಶದ ಅಗ್ರ ಜಾಕಿ ಯುತಾಕಾ ತಾಕೆಯೇ ಅವಳನ್ನೇರಿದ. ನೂರಕ್ಕೂ ಹೆಚ್ಚು ಸಲ ಸತತವಾಗಿ ಸೋತ ಕುದುರೆ ಅಂದು ಬಾಜಿಕಟ್ಟೆಯಲ್ಲಿ ಎಲ್ಲರ ಮೆಚ್ಚಿನ ಕುದುರೆ! ಹನ್ನೊಂದರಲ್ಲಿ ಹತ್ತನೆಯವಳಾಗಿ ಬಂದಳು. ಸಂಭವ ನೋಡಿ ಜನ ಬಾಜಿ ಕಟ್ಟುತ್ತಾರೆಂಬ ವಾದ ಅಂದು ಕೋಚಿಯ ಕೆಸರಿನಲ್ಲಿ ಬಿದ್ದದ್ದು ಇನ್ನೂ ಎದ್ದಿಲ್ಲ.

ಇನ್ನು ಅಸಲಿ ಕ್ಯಾಸಿನೊ. 2016ರ ಮತ್ತು 2018ರ ಕಾಯ್ದೆಗಳ ಮೂಲಕ ಜಪಾನು ಅದಕ್ಕೆ ಬಾಗಿಲು ತೆರೆಯಿತು. 2023ರ ಏಪ್ರಿಲಿನಲ್ಲಿ ಓಸಾಕಾದ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಎಂಜಿಎಂ ಮತ್ತು ಒರಿಕ್ಸ್ ಸೇರಿ ಯುಮೆಶಿಮಾ ಎಂಬ ಕೃತಕ ದ್ವೀಪದಲ್ಲಿ ಕಟ್ಟುತ್ತಿವೆ, 2030ಕ್ಕೆ ತೆರೆಯುವ ಯೋಜನೆ. ಇಲ್ಲಿಗೆ ಮೂರನೆಯ ಸೂತ್ರ: ದ್ವಾರಮೇವ ಪ್ರಥಮಃ ಪಣಃ. ಜಪಾನೀಯರು ಮತ್ತು ಅಲ್ಲಿ ನೆಲೆಸಿದವರು ಒಳಹೋಗಲು 24 ಗಂಟೆಗೆ 6,000 ಯೆನ್ ಕೊಡಬೇಕು. ಏಳು ದಿನಕ್ಕೆ ಮೂರು ಸಲ, 28 ದಿನಕ್ಕೆ ಹತ್ತು ಸಲ ಮಾತ್ರ ಪ್ರವೇಶ. ಜೂಜಿನ ಚಟ ತಡೆಯಲು ಈ ಕ್ರಮ. ಒಂದೇ ಸೊನ್ನೆಯ ರೂಲೆಟ್ಟಿನಲ್ಲಿ ಮನೆಯ, ಅಂದರೆ ಕ್ಯಾಸಿನೊದ, ಪಾಲು ನೂರಕ್ಕೆ 2.7. ಆ ಲೆಕ್ಕದಲ್ಲಿ ಸರಾಸರಿ 6,000 ಯೆನ್ ಸೋಲಬೇಕೆಂದರೆ 2,22,000 ಯೆನ್ ಬಾಜಿ ಕಟ್ಟಬೇಕು. ಬಕರಾದಲ್ಲಿ ಬ್ಯಾಂಕರ್ ಕಡೆ ಕಟ್ಟುವವನಿಗೆ ಮನೆಯ ಪಾಲು 1.06, ಅವನು ಐದೂವರೆ ಲಕ್ಷ ದಾಟಬೇಕು. ಒಳಗೆ ಅಷ್ಟು ಹೊತ್ತು ಬೆವರಿ ಸೋಲಬೇಕಾದ್ದನ್ನು ಬಾಗಿಲಲ್ಲೇ ಒಂದು ಕ್ಷಣದಲ್ಲಿ ಸೋಲುವ ಸೌಕರ್ಯ ಇದು. ಕೊಟ್ಟವನು ತೆತ್ತ ದುಡ್ಡು ವಸೂಲಾಗಲಿ ಎಂದು 24 ಗಂಟೆಯೂ ಕೂರುತ್ತಾನೆಂಬುದು ಕಾಯ್ದೆ ಬರೆದವರಿಗೆ ಹೊಳೆಯಲಿಲ್ಲವೋ ಹೊಳೆದೇ ಬರೆದರೋ, ಚರ್ಚಾಸ್ಪದ.

ಒಳಗಿನ ಮೇಜುಗಳ ಬಗ್ಗೆ ಲಾಸ್ ವೇಗಾಸ್ ಆಗಲೇ ಪಾಠ ಹೇಳಿದೆ. ಅಲ್ಲಿ ಕನಿಷ್ಠ ಪಣ ದೊಡ್ಡದಾದ ಮೇಜಿನ ರೂಲೆಟ್ಟಿಗೆ ಒಂದು ಸೊನ್ನೆ, ನಡುವಿನದಕ್ಕೆ ಎರಡು, ಅಗ್ಗದ ಮೇಜಿಗೆ ಇತ್ತೀಚೆಗೆ ಮೂರು. ಮನೆಯ ಪಾಲು ಕ್ರಮವಾಗಿ 2.7, 5.26, 7.69. ಅಗ್ಗದ ಬ್ಲ್ಯಾಕ್‌ಜಾಕಿನಲ್ಲಿ ಹತ್ತು ಡಾಲರಿಗೆ ಹದಿನೈದು ಸಿಗಬೇಕಾದ ಎಲೆಗೆ ಹನ್ನೆರಡು ಕೊಟ್ಟು ಕಳಿಸುತ್ತಾರೆ. ಬಡವನಿಗೆ ಕೆಟ್ಟ ಸಂಭವ, ಸಾಹುಕಾರನಿಗೆ ಒಳ್ಳೆಯದು. ಇದರಲ್ಲಿ ಆಶ್ಚರ್ಯವೇನಿಲ್ಲ, ಬ್ಯಾಂಕಿನ ಸಾಲವೂ ಹಾಗೆಯೇ. ಆದರೆ ಅಗ್ಗದ ಮೇಜಿನವನು ದಡ್ಡನೆಂದು ನಗುವವರು ಗಮನಿಸಬೇಕು: 100 ಡಾಲರಿನ ಒಳ್ಳೆಯ ಮೇಜಿನಲ್ಲಿ ಪ್ರತಿ ಸುತ್ತಿಗೆ ಸರಾಸರಿ 2.70 ಡಾಲರ್ ಹೋಗುತ್ತದೆ, 15 ಡಾಲರಿನ ಕೆಟ್ಟ ಮೇಜಿನಲ್ಲಿ 1.15. ಅವನು ಕೆಟ್ಟ ಸಂಭವ ಕೊಟ್ಟು ಹೊತ್ತು ಕೊಂಡುಕೊಂಡಿದ್ದಾನೆ. ನಿಶಿ ಕಸಾಯಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಗರಿಷ್ಠವಾದಿಗಳ ಪಂಥವೂ ಒಂದಿದೆ. ಅದರ ಆಚಾರ್ಯ ಅಕಿಯೊ ಕಶಿವಾಗಿ, ಜಪಾನಿನ ಭೂವ್ಯವಹಾರದವನು. 1990ರಲ್ಲಿ ಅಟ್ಲಾಂಟಿಕ್ ಸಿಟಿಯ ಟ್ರಂಪ್ ಪ್ಲಾಜಾದಲ್ಲಿ ಬಕರಾ ಆಟಕ್ಕೆ ಒಂದು ಕೈಗೆ ಎರಡು ಲಕ್ಷ ಡಾಲರ್ ಕಟ್ಟುತ್ತಿದ್ದ. ಮೊದಲ ಭೇಟಿಯಲ್ಲಿ ಸುಮಾರು 60 ಲಕ್ಷ ಗೆದ್ದ. ಹೆದರಿದ ಮಾಲೀಕ ಡೊನಾಲ್ಡ್ ಟ್ರಂಪ್ ಗಣಿತಜ್ಞ ಜೆಸ್ ಮಾರ್ಕಮ್‌ನನ್ನು ಕರೆಸಿದ. ಸಲಹೆ ಇಷ್ಟೆ: ಬೇಗ ಏಳಲು ಬಿಡಬೇಡಿ. ಒಂದು ಕೋಟಿ 20 ಲಕ್ಷ ಡಾಲರ್ ಇಟ್ಟು, ಅದು ಇಮ್ಮಡಿಯಾಗುವವರೆಗೆ ಇಲ್ಲವೇ ಪೂರ್ತಿ ಹೋಗುವವರೆಗೆ ಆಡಬೇಕೆಂದು ಕರಾರಾಯಿತು. ಮೇ ತಿಂಗಳಲ್ಲಿ ಆಟ ನಿಂತಾಗ ಕಶಿವಾಗಿ ಒಂದು ಕೋಟಿ ಸೋತಿದ್ದ. ಗುಂಡಿಗೆ ಒಂದು ಯೆನ್ನಾದರೇನು, ಕೈಗೆ ಎರಡು ಲಕ್ಷ ಡಾಲರಾದರೇನು, ಮನೆಯವನು ಬಯಸುವುದು ನೀವು ಕೂತಿರುವುದನ್ನು ಮಾತ್ರ.

ಸಂಶೋಧನೆ ಅಪೂರ್ಣ. ಮುಂದಿನ ಹಂತಕ್ಕೆ ಕ್ಷೇತ್ರಕಾರ್ಯ ಅನಿವಾರ್ಯವಾದ್ದರಿಂದ ವಿಶ್ವವಿದ್ಯಾಲಯಗಳ ಅನುದಾನ ಸಮಿತಿಗಳಲ್ಲಿ ಸವಿನಯ ವಿನಂತಿ: ದಯವಿಟ್ಟು 1 ಯೆನ್ ದರದಲ್ಲಿಯೇ ಮಂಜೂರು ಮಾಡಿ. 4 ಯೆನ್ ದರದಲ್ಲಿ ಕೊಟ್ಟರೆ ಹಣ ಒಂದು ವಾರದಲ್ಲಿ ಮುಗಿದು ಪ್ರಬಂಧ ಬರೆಯಲೇಬೇಕಾಗುತ್ತದೆ. 1 ಯೆನ್ನಾದರೆ ಮೂರು ವರ್ಷ ಎಳೆಯಬಹುದು, ಆಮೇಲೆ ಅವಧಿ ವಿಸ್ತರಣೆಗೆ ಅರ್ಜಿ ಹಾಕಬಹುದು.